ಎರಡನೇ ಮಹಡಿಯ ಟೆಲಿಫೋನ್ ಅಕ್ಕ

ಸಂಜೆಯ ಕೊನೆಯ ತಂಡವನ್ನು ಬಸ್ಸು ಹತ್ತಿಸಿದ್ದೇ ತಡ, ಮಳೆ ಹಿಡಿದುಕೊಂಡಿತು. ರಾಜಧಾನಿಯ ಆ ಹಳೆಯ ಸರ್ಕಾರಿ ಕಟ್ಟಡದ ಮೆಟ್ಟಿಲಡಿಯ ಕೋಣೆಯಲ್ಲಿ ಗೈಡುಗಳು ಮನೆಗೆ ಹೋಗಲಾರದೆ ಕುಳಿತರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಮಾತ್ರ ಖುಷಿಯಲ್ಲಿದ್ದಳು. ಬೆಳಿಗ್ಗೆ ಟೆಲಿಫೋನ್ ಕೋಣೆಯಲ್ಲಿ ಅವಳು ಹೇಳಿದ ದೆವ್ವದ ಕತೆಗೆ ಜನ ಚಪ್ಪಾಳೆ ತಟ್ಟಿದ್ದರು. ಒಬ್ಬ ಹೆಂಗಸು ಮಾತ್ರ ತಟ್ಟದೆ, ಲಿಫ್ಟಿಗೂ ಕಾಯದೆ, ಮೆಟ್ಟಿಲಿಳಿದು ಹೋಗಿದ್ದಳು.

ಅಷ್ಟರಲ್ಲಿ ಲಿಫ್ಟಮ್ಮ ಬಂದು ಸ್ಟೂಲಿನ ಮೇಲೆ ಕುಳಿತರು. ಇಲ್ಲಿಯ ಲಿಫ್ಟ್ ನಡೆಸುತ್ತಲೇ ತಲೆ ಬೆಳ್ಳಗಾದವರು. ನಿವೃತ್ತಿಯಾದರೂ ದಿನಾ ಬರುತ್ತಾರೆ.

"ಟೆಲಿಫೋನ್ ರೂಮಿನ ಕತೆ ಗೊತ್ತಲ್ವಾ ನಿಮಗೆಲ್ಲಾ? ಗೊತ್ತಿರೋದು ಬರೀ ಬೊಗಳೆ. ನಡೆದದ್ದು ಹೇಳ್ತೀನಿ, ಮಧ್ಯ ಬಾಯಿ ಹಾಕ್ಬೇಡಿ.

"ಇಲ್ಲಿ ಟೂರ್ ಶುರು ಮಾಡಿದೋನು ಒಬ್ಬ ಸೂಪರ್‌ವೈಸರ್. ಯಾರ ಹತ್ರ ಪರ್ಮಿಷನ್ ತಗೋಬೇಕು, ಯಾವ ತಂಡ ಯಾವ ಬಾಗಿಲಲ್ಲಿ ಒಳಗೆ ಬರ್ಬೇಕು, ಮಂತ್ರಿಗಳ ಮೀಟಿಂಗ್ ಇದ್ರೆ ಯಾವ ಕಾರಿಡಾರ್ ತಪ್ಪಿಸ್ಬೇಕು, ಎಲ್ಲಾ ಅವನದೇ ಏರ್ಪಾಡು. ಬುದ್ಧಿವಂತನೇ, ಆದ್ರೆ ಏನು ಹೇಳಿದ್ರೂ ಉಪ್ಪುಖಾರ ಹಚ್ಚಿಯೇ ಹೇಳ್ಬೇಕು... ಅದಕ್ಕೇ ನಾವು ಅವನನ್ನ ಉಪ್ಪುಖಾರ ಅಂತಲೇ ಕರೀತಿದ್ವಿ. ಟೆಲಿಫೋನ್ ರೂಮಿಗೆ ಬಂದ್ರೆ ಜನ ಆಕಳಿಸೋರು. ಏನಿದೆ ಅಲ್ಲಿ? ಲೈನ್ ಜೋಡಿಸೋ ಒಂದು ಹಳೇ ಬೋರ್ಡು, ಲೈನ್ ಕಿತ್ತುಹಾಕಿರೋ ಫೋನು, ಒಂದು ಕುರ್ಚಿ. ಇವನು ಸುಮ್ನಿರಲಾರ್ದೆ, ಇಲ್ಲಿ ಕೂರ್ತಿದ್ದ ಆಪರೇಟರ್ ಮಂತ್ರಿಗಳ ಗುಟ್ಟು ಕದ್ದು ಕೇಳಿ ಮಾರಿದ್ಲು, ಸಿಕ್ಕಿಬಿದ್ದು ಇದೇ ತಂತಿಗೆ ನೇಣು ಹಾಕ್ಕೊಂಡ್ಲು, ಈಗ್ಲೂ ಓಡಾಡ್ತಾಳೆ ಅಂದ್ಬಿಟ್ಟ. ಜನ ಮುಗಿಬಿದ್ರು ನೋಡಿ...

"ಆ ಅಕ್ಕನ್ನ ನಾನು ಕಂಡಿದ್ದೆ. ಗುಮಾಸ್ತರಾಗ್ಲಿ, ಮಂತ್ರಿಗಳಾಗ್ಲಿ, ಒಂದೇ ಮೆತ್ತನೆ ದನೀಲಿ 'ಯಾರಿಗೆ ಕೊಡ್ಲಿ ಸಾರ್?' ಅಂತ ಕೇಳಿ ಲೈನ್ ಕೊಡೋಳು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹಾಕಿದೋಳಲ್ಲ. ಜ್ವರ ಬಂದು ಮನೇಲಿ ತೀರ್ಕೊಂಡ್ಲು ಪಾಪ. ದೆವ್ವ ಆಗೋ ಕರ್ಮ ಅವಳಿಗ್ಯಾಕೆ?"

ನೇಣಿನ ಮಾತನ್ನು ಹೊಸ ಹುಡುಗಿ ಬೆಳಿಗ್ಗೆ ಕಣ್ಣರಳಿಸಿ ಹೇಳಿದ್ದಳು. ಹಳೆಯ ಗೈಡುಗಳಿಂದ ಕೇಳಿ ಕಲಿತದ್ದು. ನಿಜವೋ ಸುಳ್ಳೋ ಎಂದು ಯೋಚಿಸಿರಲಿಲ್ಲ.

"ಒಂದಿನ ಆ ಅಕ್ಕನ ಮಗಳೇ ಬಂದ್ಲು, ತನ್ನ ಪುಟ್ಟ ಹುಡುಗಿಗೆ ಅಜ್ಜಿ ಕೂರ್ತಿದ್ದ ಜಾಗ ತೋರ್ಸೋಕೆ. ಕತೆ ಮುಗೀತು. ಮಗು ಎಲ್ಲರ ಮುಂದೆ ಕೇಳ್ತು, 'ಅಮ್ಮಾ, ಅಜ್ಜಿ ಕಳ್ಳೀನಾ?'... ತಾಯಿ ಉಪ್ಪುಖಾರನ ಮುಖ ನೋಡಿದ್ಲು. ಸುಳ್ಳು ಕಣಮ್ಮ, ನಾನು ಕಟ್ಟಿದ್ದು ಅನ್ನೋಕೆ ಎಷ್ಟು ಹೊತ್ತು ಬೇಕು ಹೇಳಿ? ಅಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತಲ್ಲ ಅಂತ ಹಲ್ಲು ಕಿರಿದು, 'ಬನ್ನಿ, ಮುಂದಿನ ಕೋಣೆ' ಅಂದ. ತಾಯಿ ಮಗಳು ನನ್ನ ಲಿಫ್ಟೂ ಹತ್ತದೆ ಇಳಿದು ಹೋದ್ರು.

"ಅವತ್ತಿಂದ ಇವನಿಗೆ ಊಟ ಸೇರ್ಲಿಲ್ಲ. ಆದ್ರೂ ಮುಂದಿನ ತಂಡಕ್ಕೆ ಅದೇ ಕತೆ ಬಾಯಿಗೆ ಬಂತು, ಅಭ್ಯಾಸಬಲ ನೋಡಿ... ಲೈನಿಲ್ಲದ ಫೋನು ರಿಂಗಾಯ್ತು. ಜನ ಇದೂ ಆಟ ಅಂತ ನಕ್ರು. ಎತ್ತಿದ. ಕೋಪ ಇಲ್ಲ, ಬೈಗುಳ ಇಲ್ಲ... 'ಯಾರಿಗೆ ಕೊಡ್ಲಿ ಸಾರ್?' 'ನಿಮ್ಮ ಮೊಮ್ಮಗಳಿಗೆ' ಅಂದ. ಆ ಕಡೆಯಿಂದ ಮಗು 'ಹಲೋ' ಅಂತು. ಇವನ ನಾಲಿಗೆ ಹೊರಳಲಿಲ್ಲ. ಇಟ್ಬಿಟ್ಟ. ನನ್ನ ಲಿಫ್ಟಲ್ಲಿ ಕೂತು ಎಲ್ಲಾ ಹೇಳ್ಕೊಂಡು ಅತ್ತ. ಕೆಲಸ ಬಿಟ್ಟ, ಕೊರಗಿ ಕೊರಗಿ ಸತ್ತೂ ಹೋದ. ಅಜ್ಜಿ ಕಳ್ಳಿ ಅಲ್ಲ ಅನ್ನೋ ಆ ಒಂದು ಮಾತು ಮಾತ್ರ ಆ ಮಗೂಗೆ ತಲುಪಲೇ ಇಲ್ಲ."

ಲಿಫ್ಟಮ್ಮ ಹುಡುಗಿಯ ಕಡೆ ತಿರುಗಿದರು.

"ಬೆಳಿಗ್ಗೆ ಒಬ್ಬಳು ಮೆಟ್ಟಿಲಿಳಿದು ಹೋದ್ಲಲ್ಲ, ನೋಡಿದ್ಯಾ? ನಾನು ಎದುರಿಗೇ ಇದ್ದೆ. ಆ ಮಗೂನೇ, ಈಗ ಬೆಳೆದು ದೊಡ್ಡೋಳಾಗಿದ್ದಾಳೆ. ಥೇಟ್ ಅಜ್ಜಿಯ ಕಣ್ಣು..."

"ನಂಗೆ ಗೊತ್ತಿರ್ಲಿಲ್ಲ ಲಿಫ್ಟಮ್ಮ," ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು. "ನಾನೇ ಹೋಗಿ ತಪ್ಪಾಯ್ತು ಅಂತ ಹೇಳ್ತಿದ್ದೆ. ಈಗ ಅವರನ್ನ ಎಲ್ಲಿ ಅಂತ ಹುಡುಕ್ಲಿ?"

ಮಳೆಯ ಸದ್ದಿನ ನಡುವೆ, ಮೇಲೆ ಎರಡನೇ ಮಹಡಿಯ ಟೆಲಿಫೋನ್ ಕೋಣೆಯಲ್ಲಿ, ಫೋನು ರಿಂಗಾಗತೊಡಗಿತು.

"ಹುಡುಕೋದ್ಯಾಕೆ, ಲೈನ್ ಕೊಡೋಳು ಇದ್ದಾಳಲ್ಲ," ಎಂದರು ಲಿಫ್ಟಮ್ಮ. "ಹೋಗು ಮಗಳೇ, ಎತ್ತು. ನಿನಗೇ ಬಂದಿರೋದು... ಇಟ್ಬಿಡ್ಬೇಡ."