ಹೆಸರಿಲ್ಲದ ಹಲ್ಲು

ಬೆಳಿಗ್ಗೆ ಏಳೂವರೆಗೆ ತೊರೆಯ ತಳದ ಜಲ್ಲಿಯಲ್ಲಿ ಆ ಹಲ್ಲು ನನಗೆ ಸಿಕ್ಕಿತು. ಹತ್ತಕ್ಕೆ ಮೆತ್ತನೆಯ ಬ್ರಷ್ಷಿನಿಂದ ತೊಳೆದೆ. ಹನ್ನೊಂದಕ್ಕೆ ಅಳೆದೆ: ಉದ್ದ ನಲವತ್ತೊಂದು ಮಿಲಿಮೀಟರ್. ಅನಂತರ ನಮ್ಮ ವೃತ್ತಿಯವರು ಮಾಡುವಂತೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದೆ. ಬಹಳ ಹಳೆಯದಾದ ಎಲುಬು ತೇವವನ್ನು ಹೀರಿ ಅಂಟಿಕೊಳ್ಳುತ್ತದೆ, ಕಲ್ಲು ಅಂಟುವುದಿಲ್ಲ. ಇದು ಅಂಟಿತು. ಮಧ್ಯಾಹ್ನ ಮೂರರವರೆಗೆ ಸಂಗ್ರಹಾಲಯದ ಕುದುರೆ, ದನ, ಹಂದಿ, ಕರಡಿಗಳ ದವಡೆಗಳೊಡನೆ ಹೋಲಿಸಿದರೂ ಯಾವುದಕ್ಕೂ ಹೊಂದಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಚಹಾಕ್ಕೆ ಹೊರಟಿದ್ದ ನಾವು ಮೂವರು ಸಹೋದ್ಯೋಗಿಗಳು ಮೂಳೆಕೋಣೆಯಲ್ಲೇ ಉಳಿದೆವು. ನಲವತ್ತು ವರ್ಷ ಈ ಕೋಣೆಯ ಬೀಗದಕೈ ಹಿಡಿದಿದ್ದ, ಎಲ್ಲರೂ ಮೂಳೆಮಾಮ ಎನ್ನುವ ಮುದುಕರು ಕೊಡೆ ಮಡಿಸುತ್ತ ಒಳಬಂದರು. ಮೇಜಿನ ಮೇಲಿದ್ದುದನ್ನು ಕಂಡು ಹಾಗೆಯೇ ನಿಂತರು.

“ನಿಮ್ಮದೇ ಬಿದ್ದಿರ್ಬೇಕು ಮಾಮ, ನೋಡ್ಕೊಳ್ಳಿ,” ಎಂದಳು ನಮ್ಮ ಮೂವರಲ್ಲೊಬ್ಬಳಾದ ಗೆಳತಿ.

“ನಗಿ, ನಗಿ... ಬಾಯ್ತುಂಬ ಹಲ್ಲಿದೆ, ನಗೋದಕ್ಕೇನು? ನಮ್ಮಣ್ಣನೂ ಹೀಗೇ ನಗ್ತಿದ್ದ. ಇದೇ ಮೇಜಲ್ಲಿ ಕೂತು, ಯಾವ ಎಲುಬು ತಂದ್ಕೊಟ್ರೂ ಕಣ್ಮುಚ್ಚಿ ಸವರಿ ಇಂಥಾ ಪ್ರಾಣೀದು ಅಂತ ಹೇಳೋನು, ಅಂಥವನ ಕೈಗೆ ಒಂದಿನ ಈ ಊರ ತೊರೆಯಿಂದ ಒಂದು ಹಲ್ಲು ಬಂತು ನೋಡಿ... ಗೊತ್ತಾಗ್ಲಿಲ್ಲ. ವಾರಗಟ್ಲೆ ಒದ್ದಾಡಿ, ಕೊನೆಗೆ ನಾಲಿಗೆಗೆ ಮುಟ್ಟಿಸ್ದ. ಅಂಟ್ಕೊಂಡ್ತು. ಸಂಜೆ ಅಳೆದ್ರೆ ಎರಡು ಮಿಲಿಮೀಟರ್ ಬೆಳೆದಿದೆ! ಸತ್ತ ಹಲ್ಲು ಬೆಳೆಯುತ್ತಾ? ಓದಿದೋರು, ನೀವೇ ಹೇಳಿ. ಮಾರನೇ ದಿನ ಅವನದೊಂದು ಹಲ್ಲು ಬಿತ್ತು. ಮೂವತ್ತರ ವಯಸ್ಸು... ನೋವಿಲ್ಲ, ರಕ್ತ ಇಲ್ಲ, ಹಣ್ಣು ತೊಟ್ಟು ಕಳಚಿದ ಹಾಗೆ. ‘ಎಸ್ದುಬಿಡೋ ಅಣ್ಣಾ’ ಅಂತ ಕೈಮುಗಿದೆ. ಎಸೀತಾನಾ? ಚೀಟಿ ಮೇಲೆ ಹೆಸರು ಬೀಳೋವರೆಗೂ ಯಾವ ವಸ್ತೂನೂ ಈ ಕೋಣೆ ದಾಟಬಾರ್ದು ಅನ್ನೋ ನಿಯಮ ಮಾಡ್ದೋನೇ ಅವನು! ದಿನಕ್ಕೊಂದು ಅವನದು ಉದುರ್ತಾ ಹೋಯ್ತು, ಇದು ಬೆಳೀತಾ ಹೋಯ್ತು... ಬಾಯಿ ಪೂರ್ತಿ ಬರಿದಾದ ದಿನ ಬಂದು ನೋಡ್ತೀನಿ, ಕುರ್ಚಿ ಖಾಲಿ. ಕೋಟು ಗೂಟದಲ್ಲೇ ಇದೆ, ಚಪ್ಪಲಿ ಬಾಗಿಲಲ್ಲೇ ಇದೆ. ಮೇಜಿನ ಮೇಲೆ ಹಲ್ಲು, ಮತ್ತೆ ಮೊದಲಿನಷ್ಟೇ ಪುಟ್ಟದಾಗಿ... ಉಂಡು ಮುಗಿದಿತ್ತಲ್ಲ. ಪಕ್ಕದಲ್ಲಿ ಚೀಟಿ. ಪ್ರಾಣಿಯ ಹೆಸರು ಅನ್ನೋ ಕಡೆ ಅಣ್ಣ ತನ್ನ ಹೆಸರು ಬರೆದಿದ್ದ.”

ಮೂಳೆಮಾಮ ಕೊಡೆಯನ್ನು ಗೋಡೆಗೆ ಒರಗಿಸಿದರು.

“ಹೆಸರು ಬಿತ್ತಲ್ಲ, ಇನ್ನು ಆಚೆ ಹೋಗ್ಬಹುದು ಅಂತ ನಾನೇ ಇಕ್ಕಳದಲ್ಲಿ ಹಿಡ್ಕೊಂಡು ಹೋಗಿ ತೊರೆಗೆ ಹಾಕ್ದೆ. ಜಾರೀತು ಅಂತ ಜೋರಾಗಿ ಒತ್ತಿಬಿಟ್ಟೆ... ಎಡತುದೀಲಿ ಅಕ್ಕಿಕಾಳಷ್ಟು ಚಕ್ಕೆ ಹಾರಿತ್ತು.”

ಮೇಜಿನ ಮೇಲಿದ್ದ ಹಲ್ಲನ್ನು ಅವರು ಪೆನ್ಸಿಲ್ಲಿನ ತುದಿಯಿಂದ ಮೆಲ್ಲನೆ ಹೊರಳಿಸಿದರು. ಎಡತುದಿಯಲ್ಲಿ ಚಕ್ಕೆ ಹಾರಿದ ಗುರುತಿತ್ತು.

“ಮಗಳೇ... ನೀನು ನಾಲಿಗೆಗೆ ಮುಟ್ಟಿಸಿಲ್ಲ ತಾನೆ?”

ನಾನು ಅಳತೆಪಟ್ಟಿಯನ್ನು ಎಳೆದುಕೊಂಡೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಲ್ಲನ್ನು ಮತ್ತೆ ಅಳೆದೆ: ಉದ್ದ ನಲವತ್ತಮೂರು ಮಿಲಿಮೀಟರ್.