ಪಟ್ಟಿಯಿಲ್ಲದ ದಾಖಲೆ ಕೋಣೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದ ಸಹನಶೀಲ ಸಭಿಕರೇ,

ಮೂವತ್ತೊಂದು ವರ್ಷ ಈ ಕಚೇರಿಯ ದಾಖಲೆ ಕೋಣೆಯನ್ನು ಕಾದವನು ಇಂದು ನಿವೃತ್ತನಾಗುತ್ತಿದ್ದೇನೆ. ಅಧ್ಯಕ್ಷರು ಈಗತಾನೇ ನನ್ನನ್ನು 'ನಡೆದಾಡುವ ಪಟ್ಟಿ' ಎಂದು ಹೊಗಳಿದರು. ಹೌದು, ಯಾವ ಕಡತ ಕೇಳಿದರೂ ಕಣ್ಣುಮುಚ್ಚಿ ತೆಗೆದುಕೊಡುತ್ತಿದ್ದೆ. ನಲ್ಲಿ ಅರ್ಜಿಗಳೇ? ಕೆಟ್ಟ ಫ್ಯಾನಿನ ಕೆಳಗೆ. ಮನೆ ನಕ್ಷೆಗಳೇ? ಚಹಾ ಚೆಲ್ಲಿದ ಕಟ್ಟುಗಳಲ್ಲಿ. ಆದರೆ ಸಭಿಕರೇ, ಬರೆದ ಪಟ್ಟಿ ಏಕಿಲ್ಲ ಎಂದು ಯಾರಾದರೂ ಕೇಳಿದಿರಾ?

ಇಂದು ಹೇಳಿಬಿಡುತ್ತೇನೆ, ನಾಳೆ ನೋಟಿಸು ಕೊಡೋಣವೆಂದರೆ ನಾನು ಸಿಗುವುದಿಲ್ಲ. ನನ್ನ ಹೆಂಡತಿ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನನಗೆ ಮೂರು ಸಲ ವರ್ಗಾವಣೆಯ ಆದೇಶ ಬಂತು. ಪಟ್ಟಿಯಿಲ್ಲದ ಕೋಣೆಯನ್ನು ವಹಿಸಿಕೊಳ್ಳುವವರು ಯಾರು? ಮೂರು ಸಲವೂ ಆದೇಶ ರದ್ದಾಯಿತು. ಪಟ್ಟಿಯನ್ನು ನಾನು ಬೇಕೆಂದೇ ಬರೆದಿರಲಿಲ್ಲ. ಅದಕ್ಕೆ ಕರ್ತವ್ಯನಿಷ್ಠೆ ಎಂದು ಹೆಸರಿಟ್ಟುಕೊಂಡೆ. ನೀವು ಪ್ರಶಸ್ತಿಪತ್ರ ಬೇರೆ ಕೊಟ್ಟಿರಿ.

ಕಳೆದ ವರ್ಷ ಕಂಪ್ಯೂಟರ್ ಬಂತು. ಪ್ರತಿ ಕಡತದ ವಿಷಯ, ವರ್ಷ, ಇರುವ ಜಾಗ, ಇಡುವ ಅವಧಿ, ಇಷ್ಟನ್ನು ತುಂಬಿದರೆ ಸಾಕು, ಅವಧಿ ಮುಗಿದು ಎಸೆಯಬೇಕಾದದ್ದನ್ನು ಅದೇ ಬೇರೆ ಮಾಡುತ್ತದಂತೆ. ತುಂಬಲು ಬಂದ ಹುಡುಗಿಯೊಡನೆ ಒಂದು ತಿಂಗಳು ನಾನು ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೊಂದು ದಿನ ಗಾರೆ ಮೇಸ್ತ್ರಿಯೊಬ್ಬರು ತಮ್ಮ ಮನೆಯ ನಕ್ಷೆ ಕೇಳಿಕೊಂಡು ಬಂದರು. ಒಳಗೆ ಹೋದೆ. ಎಂಟು ಸಾವಿರ ಕಡತಗಳ ನಡುವೆ ನಿಂತವನಿಗೆ, ಏನು ಹುಡುಕಲು ಬಂದೆ ಎಂಬುದೇ ಮರೆತುಹೋಗಿತ್ತು. ಅದು ಮೊದಲ ಸಲವಲ್ಲ. ವೈದ್ಯರು ಆ ಕಾಯಿಲೆಗೆ ಒಂದು ಹೆಸರು ಹೇಳಿದ್ದರು; ಹೆಂಡತಿಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ನೆನಪಿನ ಜೊತೆ ಈ ಊರಿನವರ ಮನೆ, ನೀರು, ಹುಟ್ಟು, ಸಾವಿನ ಕಾಗದಗಳೆಲ್ಲ ಕಳೆದುಹೋಗುತ್ತಿದ್ದವು.

ನಾನು ದಿಕ್ಕುತೋಚದೆ ನಿಂತದ್ದನ್ನು ನೋಡುತ್ತ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. "ಸರ್, ನೆನಪಿರೋದನ್ನ ದಿನಾ ಹೇಳ್ತಾ ಹೋಗಿ, ನಾನು ತುಂಬ್ತೀನಿ. ಮರೆತಿದ್ದನ್ನ ಇಬ್ರೂ ಸೇರಿ ಹುಡುಕೋಣ."

"ಯಾರಿಗಾದ್ರೂ ಹೇಳ್ತೀಯೇನಮ್ಮಾ?"

"ಈ ಧೂಳಿಗೆ ಯಾರು ಸರ್ ಒಳಗೆ ಬರ್ತಾರೆ, ನಾನು ಹೇಳೋಕೆ?"

ಏಳು ತಿಂಗಳು ಹೇಳಿದೆ. ಕಪಾಟಿನ ಸಂಖ್ಯೆಯ ಪಕ್ಕದಲ್ಲಿ ಕೆಟ್ಟ ಫ್ಯಾನು, ಚಹಾ ಕಲೆ ಎಲ್ಲವನ್ನೂ ಅವಳು ಹಾಗೆಯೇ ಬರೆದುಕೊಂಡಳು. ಮೇಸ್ತ್ರಿಯ ನಕ್ಷೆ ನಾಲ್ಕನೇ ದಿನವೇ ಸಿಕ್ಕಿತು. ಕಳೆದ ವಾರ ಕೊನೆಯ ಕಡತವೂ ಸೇರಿತು. ಇನ್ನು ನಾನು ಮರೆತರೂ ಊರಿಗೆ ನಷ್ಟವಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ಚೆನ್ನಾಗಿ ನಿದ್ದೆ ಬರುತ್ತಿದೆ.

ವಂದನೆ ಹೇಳುವಾಗ ಯಾರೂ ಬಿಟ್ಟುಹೋಗಬಾರದೆಂದು ಅವಳೇ ಈ ಚೀಟಿ ಬರೆದುಕೊಟ್ಟಿದ್ದಾಳೆ. ಓದುತ್ತೇನೆ. "ಅಧ್ಯಕ್ಷರು: ವೇದಿಕೆಯ ನಡುವೆ. ಇಡುವ ಅವಧಿ: ಮುಂದಿನ ವರ್ಗಾವಣೆಯವರೆಗೆ." ಕ್ಷಮಿಸಿ ಸರ್, ಅಕ್ಷರ ನನ್ನದಲ್ಲ. "ಸಹೋದ್ಯೋಗಿಗಳು: ಹಿಂದಿನ ಸಾಲುಗಳು, ಊಟದ ಬಾಗಿಲ ಹತ್ತಿರ. ಅವಧಿ: ಊಟದವರೆಗೆ." "ಹೆಂಡತಿ: ಮೊದಲ ಸಾಲು, ಎಡತುದಿ. ಕಾಯಂ ಇಡತಕ್ಕದ್ದು."

ಇದ್ದಾಳೆ. ಎಡತುದಿಯಲ್ಲೇ ಇದ್ದಾಳೆ.

ಚೀಟಿ ಬರೆದವಳು ತನ್ನನ್ನೇ ಸೇರಿಸಿಕೊಂಡಿಲ್ಲ. ಅವಳಿಗೂ, ನಿಮ್ಮೆಲ್ಲರಿಗೂ ನನ್ನ ವಂದನೆಗಳು. ನಮಸ್ಕಾರ.