ಬಾಕಿ ಉಳಿದ ಒಂದು ಕರೆ

ನಗುವವರು ಈಗಲೇ ನಕ್ಕುಬಿಡಿ. ಇದು ಯಾರೋ ಕಟ್ಟಿದ ಕತೆಯಲ್ಲ, ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು.

ಅವತ್ತು ರಾತ್ರಿ ಒಂದೂವರೆ ದಾಟಿತ್ತು. ಆಫೀಸು ಬಿಟ್ಟು ಒಬ್ಬನೇ ನಡೆದು ಬರುತ್ತಿದ್ದ. ದಾರಿಯಲ್ಲೊಂದು ಹಳೇ ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ದಿನಾ ದಾಟುವ ಬಾವಿಯೇ. ಅವತ್ತು ಮಾತ್ರ ಕಾಲು ಎಳೆಯುತ್ತಿತ್ತು, ಯಾಕೆಂದರೆ ಆಗಷ್ಟೇ ಒಂದು ನಾಚಿಕೆಗೇಡಿನ ಕೆಲಸ ಮುಗಿಸಿ ಬಂದಿದ್ದ.

ಆಂಬುಲೆನ್ಸ್ ಸೇವೆಯ ಕಂಪ್ಯೂಟರ್ ವಿಭಾಗದಲ್ಲಿ ಅವನ ಕೆಲಸ. ಏನು ಕೇಳಿದರೂ ‘ಎರಡೇ ನಿಮಿಷ’ ಅನ್ನುತ್ತಿದ್ದ, ಅದೇ ಅಡ್ಡಹೆಸರಾಗಿ ಅಂಟಿಕೊಂಡಿತ್ತು. ಅದಕ್ಕೆ ಹದಿನೈದು ದಿನ ಮೊದಲು, ಜನ ಫೋನ್ ಮಾಡಿದಾಗ ಬರೆದಿಡುವ ದಾಖಲೆಗಳನ್ನೆಲ್ಲ ಹಳೇ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಬೇಕಾಗಿ ಬಂತು. ಸೇವೆ ನಿಲ್ಲಿಸುವ ಹಾಗಿಲ್ಲ. ಕಾಯಿಲೆ ಹೇಳಿ ಕೇಳಿ ಬರುತ್ತದೆಯೇ? ಹಾಗಾಗಿ ಹಳೆಯದು ನಡೆಯುತ್ತಲೇ ಇರುತ್ತದೆ, ಅದಕ್ಕೆ ಬಿದ್ದ ಪ್ರತಿ ಕರೆಯೂ ಬೆನ್ನಿಗೇ ಹೊಸದಕ್ಕೆ ನಕಲಾಗುತ್ತದೆ. ನಕಲಾಗದೆ ಉಳಿದ ಬಾಕಿ ಸೊನ್ನೆಗೆ ಬಂದ ಮೇಲೆ ಎಲ್ಲರನ್ನೂ ಹೊಸದರ ಕಡೆ ತಿರುಗಿಸುವುದು. ಕರೆ ಕಡಿಮೆ ಇರುವ ನಡುರಾತ್ರಿ ಮಾಡೋಣ, ಎರಡೇ ನಿಮಿಷದ ಅಡಚಣೆ ಎಂದು ಇವನು ಎಲ್ಲರೆದುರು ಜಂಬ ಕೊಚ್ಚಿದ್ದ.

ಬಾಕಿ ಇಳಿಯುತ್ತ ಬಂತು. ನಲವತ್ತು... ಹನ್ನೆರಡು... ಒಂದು. ಅಲ್ಲೇ ನಿಂತಿತು. ಗಡಿಯಾರ ಮಾತ್ರ ಓಡುತ್ತಿತ್ತು.

“ಬಾಕಿ ಎಷ್ಟಿದೆಯೋ?” ಪಕ್ಕದ ಕೋಣೆಯಿಂದ ಕೂಗಿದವಳು ಅವನ ಮೇಲಧಿಕಾರಿ. ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುವುದು.

“ಸೊನ್ನೆ, ಅಕ್ಕ.”

ತಿರುಗಿಸಿಯೇಬಿಟ್ಟ. ಎಲ್ಲರೂ ಭೇಷ್ ಅಂದರು.

ಬೆಳಿಗ್ಗೆ ಹಳೆಯದನ್ನು ತೆರೆದು ನೋಡಿದ. ಉಳಿದುಹೋಗಿದ್ದು ಒಂದೇ ಸಾಲು. ಒಂದು ವಿಳಾಸ, ಮೂರನೇ ಮಹಡಿ. ‘ವಯಸ್ಸಾದವರು, ಉಸಿರಾಟಕ್ಕೆ ತೊಂದರೆ. ಬಾಗಿಲು ತೆಗೆದೇ ಇಟ್ಟಿರುತ್ತಾರೆ. ವಾಹನ ಬರುತ್ತದೆ, ಕಾಯಿರಿ ಎಂದು ಹೇಳಿದ್ದೇನೆ.’ ಫೋನ್ ಎತ್ತಿದವರು ಹಾಗೆ ಬರೆದಿದ್ದರು. ಹೊಸ ಸರ್ವರ್‌ಗೆ ಆ ಕರೆ ಬಂದೇ ಇರಲಿಲ್ಲ, ಹಾಗಾಗಿ ವಾಹನದವರಿಗೆ ಸುದ್ದಿಯೇ ಇಲ್ಲ. ಆ ಸಾಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಹೆಂಗಸೊಬ್ಬಳು ಎತ್ತಿದಳು.

“ಇನ್ನು ಬೇಡಪ್ಪ,” ಅಂದಳು. ಇಟ್ಟುಬಿಟ್ಟಳು.

ಯಾರಿಗೂ ಹೇಳಲಿಲ್ಲ, ಹೇಡಿ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಹೊಸದು ಸರಿಯಾಗಿ ನಡೆದರೆ ಹದಿನೈದು ದಿನದ ಮೇಲೆ ಹಳೇ ಸರ್ವರ್ ಅಳಿಸುವುದು ಅವರ ವಾಡಿಕೆ. ಅವತ್ತು ರಾತ್ರಿ ಅದನ್ನು, ಆ ಸಾಲಿನ ಸಮೇತ, ತನ್ನ ಕೈಯಾರೆ ಅಳಿಸಿ ಬಂದಿದ್ದ. ಇನ್ನು ಸಾಕ್ಷಿ ಅಂತ ಏನೂ ಉಳಿದಿರಲಿಲ್ಲ.

ಬಾವಿ ಹತ್ತಿರ ಬಂತು...

ಜಾಲರಿ ಅಲುಗಿತು. ಟಣ್... ಟಣ್... ಗಾಳಿ ಇರಲಿಲ್ಲ. ಆಮೇಲೆ ಒಳಗಿನಿಂದ ಉಸಿರು. ಎಳೆದುಕೊಳ್ಳುವಾಗ ಸಣ್ಣಗೆ ಸುಂಯ್... ಬಿಡುವಾಗ ಗೊರಗೊರ. ಮತ್ತೆ ಸುಂಯ್... ಗೊರಗೊರ.

“ಬಂದ್ಯೇನಪ್ಪಾ?” ಪಿಸುಮಾತು. “ಇನ್ನೂ ಎಷ್ಟ್ ಹೊತ್ತು?”

ಓಡಬೇಕಿತ್ತು. ಅದು ಬಿಟ್ಟು, ಆ ಹಾಳು ಬಾಯಿ... ಅಭ್ಯಾಸ ನೋಡಿ...

“ಎರಡೇ ನಿಮಿಷ, ಅಮ್ಮ.”

ಬಾವಿಯೊಳಗಿನ ಉಸಿರು ನಿಂತಿತು. ಆಮೇಲೆ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

ಬೆಳಗಾದದ್ದೇ ಅಕ್ಕನ ಎದುರು ನಿಂತು ಎಲ್ಲ ಒಪ್ಪಿಕೊಂಡ. ಅವಳು ಬೈಯಲೂ ಇಲ್ಲ. “ನಿನ್ನ ಕೆಲಸದ ಮಾತು ಆಮೇಲೆ. ಮೊದಲು ಆ ಮನೆಗೆ ಹೋಗಿ ಹೇಳು,” ಅಂದಳು. ಹೋದ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದ. ವಾಹನಕ್ಕೆ ಕಾದು ತೀರಿಕೊಂಡ ಅಜ್ಜಿಯ ತಂಗಿ ಬಾಗಿಲು ತೆಗೆದಳು. ಇವನನ್ನು ನೋಡಿದ್ದೇ ಅವಳ ಮುಖ ಅರಳಿತು.

“ನೀನಾ! ಬಾಪ್ಪ ಒಳಗೆ. ಅವತ್ತು ನಿನ್ನ ಹೆಸರೂ ಕೇಳ್ಲಿಲ್ಲ ನೋಡು. ವ್ಯಾನ್ ಬರ್ದೇ ಇದ್ರೂ ನೀನಾದ್ರೂ ಬಂದ್ಯಲ್ಲ. ನಮ್ಮಕ್ಕ ನಿನ್ನ ಕೈ ಹಿಡ್ಕೊಂಡೇ ಹೋದ್ಳು.”

ಇವನು ಸುಮ್ಮನೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು, ಪುಣ್ಯವೂ ಪುಕ್ಕಟೆ ಸಿಗುತ್ತಿತ್ತು. ಆಗಲಿಲ್ಲ.

“ಇಲ್ಲಮ್ಮ, ನಾನು ಬರ್ಲಿಲ್ಲ... ಯಾರೂ ಬರದ ಹಾಗೆ ಮಾಡಿದ್ದೇ ನಾನು,” ಎಂದು ಬಾಗಿಲಲ್ಲೇ ಅತ್ತುಬಿಟ್ಟ. ನಿಜ, ಹೊಸ ಸರ್ವರ್‌ಗೆ ತಿರುಗಿಸಿದ ಆ ರಾತ್ರಿ ಬೆಳಗಿನವರೆಗೆ ಅವನು ಆಫೀಸಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕಂಡವರು ಆರು ಜನ ಇದ್ದಾರೆ.

ಆಕೆ ಸಿಟ್ಟಾಗಲಿಲ್ಲ. ಒಂದು ಗಳಿಗೆ ದಿಟ್ಟಿಸಿ ನೋಡಿ, ಅವನ ಎಡಗೈ ಹಿಡಿದು ಅಂಗಿಯ ತೋಳು ಮೇಲಕ್ಕೆ ಸರಿಸಿದಳು.

“ಮತ್ತೆ ಇದೇನು?”

ಮಣಿಕಟ್ಟಿನ ಒಳಭಾಗದಲ್ಲಿ ಉಗುರು ನೆಟ್ಟ ಗುರುತು. ನಾಲ್ಕು. ಹಳೇ ಗಾಯದ ಹಾಗೆ ಒಣಗಿ ಕಪ್ಪಾಗಿದ್ದವು. ಬೆಳಿಗ್ಗೆ ಸ್ನಾನ ಮಾಡುವಾಗ ಇರಲಿಲ್ಲ ಅಂತ ಆಣೆ ಮಾಡಿ ಹೇಳುತ್ತಾನೆ.

ಸುಳ್ಳು ಅನ್ನುವವರು ಬನ್ನಿ, ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮೊನ್ನೆ ನಾನೇ ಬೆರಳಿಟ್ಟು ನೋಡಿದೆ... ಅವನ ಕೈ ಬೆಚ್ಚಗಿತ್ತು. ಆ ನಾಲ್ಕು ಕಡೆ ಮಾತ್ರ ತಣ್ಣಗಿತ್ತು.